ಒಂದೇ ದ್ವೀಪ, ಒಂದೇ ವಾರ: ಅವರಿಗೆ ಬಿಸಿಲು, ನಮಗೆ ಮಾತ್ರ ಮಳೆ ಯಾಕೆ?

ಓದುಗರ ಪ್ರಶ್ನೆ: ಜುಲೈನಲ್ಲಿ ಮಾರಿಷಸ್‌ಗೆ ಹೋಗಿದ್ದೆವು. ಹೋಟೆಲ್ ಪೂರ್ವ ದಡದಲ್ಲಿತ್ತು. ಇದ್ದಷ್ಟು ದಿನವೂ ಗಾಳಿಯೋ ಗಾಳಿ, ನಡುನಡುವೆ ತುಂತುರು. ಅದೇ ವಾರ ಅಲ್ಲೇ ಇದ್ದ ಗೆಳೆಯರ ಫೋಟೊಗಳಲ್ಲಿ ನೋಡಿದರೆ ಬರೀ ಬಿಸಿಲು! ನಮ್ಮ ಅದೃಷ್ಟವೇ ಇಷ್ಟಾ?

ಪಾಪ, ಅದೃಷ್ಟವನ್ನು ಯಾಕೆ ಬೈತೀರಿ? ನೀವಿದ್ದ ದಡ ಬೇರೆ, ಅವರಿದ್ದ ದಡ ಬೇರೆ, ಅಷ್ಟೇ. ಅವರು ಪಶ್ಚಿಮದಲ್ಲಿ, ಫ್ಲಿಕ್ ಆನ್ ಫ್ಲಾಕ್ ಕಡೆ ಎಲ್ಲೋ ಇದ್ದಿರಬೇಕು.

ನಡೆಯುವುದು ಇಷ್ಟು. ಉಷ್ಣವಲಯದಲ್ಲಿ ವರ್ಷದ ಬಹುಪಾಲು ಗಾಳಿ ಒಂದೇ ದಿಕ್ಕಿನಿಂದ ಬೀಸುತ್ತದೆ. ಶಾಲೆಯಲ್ಲಿ ವಾಣಿಜ್ಯ ಮಾರುತ ಅಂತ ಓದಿದ್ದೆವಲ್ಲ, ಅದೇ. ಸಮಭಾಜಕದ ಉತ್ತರಕ್ಕೆ ಅದು ಈಶಾನ್ಯದಿಂದ ಬರುತ್ತದೆ, ದಕ್ಷಿಣಕ್ಕೆ ಆಗ್ನೇಯದಿಂದ. ಸಮುದ್ರದ ಮೇಲೆ ನೂರಾರು ಮೈಲಿ ಬೀಸಿ, ತೇವ ತುಂಬಿಕೊಂಡು ಬಂದ ಆ ಗಾಳಿಗೆ ದ್ವೀಪದ ನಡುವಿನ ಬೆಟ್ಟ ಅಡ್ಡ ಸಿಕ್ಕಾಗ ಅದು ಮೇಲೇರಿ, ತಣ್ಣಗಾಗಿ, ಇದ್ದ ನೀರನ್ನೆಲ್ಲ ಈ ಕಡೆಯೇ ಸುರಿಸಿ, ಒಣಗಿಕೊಂಡು ಆ ಕಡೆ ಇಳಿಯುತ್ತದೆ. ಹಾಗಾಗಿ ಗಾಳಿಗೆ ಮುಖ ಕೊಟ್ಟ ದಡಕ್ಕೆ ಮಳೆ, ಬೆನ್ನು ಕೊಟ್ಟ ದಡಕ್ಕೆ ಬಿಸಿಲು.

ಇದರ ವ್ಯತ್ಯಾಸ ಎಷ್ಟಿರಬಹುದು ಅಂತ ನೋಡಬೇಕಾದರೆ ಹವಾಯಿಯ ದೊಡ್ಡ ದ್ವೀಪ ನೋಡಿ. ಪೂರ್ವದ ಹಿಲೋ ಊರಿಗೆ ವರ್ಷಕ್ಕೆ 3,000 ಮಿ.ಮೀ.ಗಿಂತ ಜಾಸ್ತಿ ಮಳೆ. ನಡುವೆ 4,207 ಮೀಟರ್ ಎತ್ತರದ ಮೌನಾ ಕೆಯಾ. ಅದರಾಚೆ ಕೊಹಾಲಾ ದಡದ ಕೆಲವು ಕಡೆ 250 ಮಿ.ಮೀ. ಆದರೆ ಹೆಚ್ಚು. ಕಾರಿನಲ್ಲಿ ಒಂದೆರಡು ಗಂಟೆಯ ದಾರಿ, ಅಷ್ಟರಲ್ಲಿ ಕಾಡು ಹೋಗಿ ಕಪ್ಪು ಕಲ್ಲಿನ ಒಣ ನೆಲ ಬಂದಿರುತ್ತದೆ. ಫಿಜಿಯಲ್ಲೂ ಇದೇ ಕತೆ. ರಾಜಧಾನಿ ಸುವಾ ಮಳೆಯ ಕಡೆ, ರೆಸಾರ್ಟ್‌ಗಳು ಜಾಸ್ತಿ ಇರುವ ನಾಂದಿ ಒಣ ಕಡೆ. ರೆಸಾರ್ಟ್‌ನವರು ಸುಮ್ನೆ ಜಾಗ ಹುಡುಕಿರಲ್ಲ ಅಲ್ವಾ?

ಆದರೆ ಎಲ್ಲ ಕಡೆ ಗಾಳಿ ಹೀಗೆ ವರ್ಷಪೂರ್ತಿ ಒಂದೇ ದಿಕ್ಕು ಹಿಡಿದು ಕೂರುವುದಿಲ್ಲ. ಶ್ರೀಲಂಕಾದಲ್ಲಿ ಮೇಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರು. ಆಗ ಮಿರಿಸ್ಸಾ, ಬೆಂತೋಟಾ ಕಡೆ ಸಮುದ್ರ ಒರಟು, ಈಜುವ ಮಾತೇ ಬೇಡ. ಅದೇ ಹೊತ್ತಿಗೆ ಪೂರ್ವದ ಟ್ರಿಂಕೋಮಲಿಯಲ್ಲಿ, ಪಾಸಿಕುಡಾದಲ್ಲಿ ನೀರು ಶಾಂತ. ಡಿಸೆಂಬರ್ ಬಂತೆಂದರೆ ಎಲ್ಲ ಅದಲುಬದಲು. ಥಾಯ್ಲೆಂಡ್‌ನಲ್ಲೂ ಹಾಗೇ. ನವೆಂಬರಿನಲ್ಲಿ ಪೂರ್ವ ಕಡೆಯ ಕೊ ಸಮುಯಿ ದ್ವೀಪಕ್ಕೆ ಜಡಿಮಳೆ, ಪಶ್ಚಿಮದ ಫುಕೆಟ್‌ನಲ್ಲಿ ಆಗಷ್ಟೇ ಒಳ್ಳೆಯ ದಿನಗಳು ಶುರು. ಹಾಗಾಗಿ "ಈ ದೇಶಕ್ಕೆ ಯಾವ ತಿಂಗಳು ಒಳ್ಳೆಯದು" ಅಂತ ಕೇಳಿದರೆ ಅರ್ಧ ಉತ್ತರವಷ್ಟೇ ಸಿಗುತ್ತದೆ. ಯಾವ ದಡಕ್ಕೆ ಅಂತಲೂ ಕೇಳಬೇಕು.

ಮಾಲ್ಡೀವ್ಸ್‌ನಲ್ಲಿ ಈ ತಲೆಬಿಸಿ ಇಲ್ಲ. ಅಲ್ಲಿ ಮೋಡ ತಡೆಯಲು ಬೆಟ್ಟವೇ ಇಲ್ಲ, ಮಳೆ ಬಂದರೆ ದ್ವೀಪದ ಎರಡೂ ಕಡೆ ನೆನೆಯುತ್ತದೆ.

ನಾನೂ ಒಮ್ಮೆ ಈಜುಕೊಳದ ಫೋಟೊ ನೋಡಿಯೇ ಹೋಟೆಲ್ ಬುಕ್ ಮಾಡಿ ಬೇಸ್ತು ಬಿದ್ದವನೇ. ಈಗ ಮೊದಲು ಮ್ಯಾಪ್ ತೆರೆಯುತ್ತೇನೆ. ಬೆಟ್ಟ ಎಲ್ಲಿದೆ, ನಾನು ಹೋಗುವ ತಿಂಗಳು ಗಾಳಿ ಯಾವ ಕಡೆಯಿಂದ, ಇಷ್ಟು ನೋಡಿಕೊಂಡ ಮೇಲೆಯೇ ಹೋಟೆಲ್. ಫೋನಿನ ಹವಾಮಾನ ಆ್ಯಪ್‌ನಲ್ಲಿ ವಾರಪೂರ್ತಿ ಮಳೆಯ ಚಿತ್ರ ಕಂಡರೆ ಮಾತ್ರ ಹೆದರಬೇಡಿ. ಮಧ್ಯಾಹ್ನ ಅರ್ಧ ಗಂಟೆ ಸುರಿದು ನಿಂತರೂ ಅದು ಅದೇ ಚಿತ್ರ ಹಾಕುತ್ತದೆ. ಚಂಡಮಾರುತದ ಮಾತು ಬೇರೆ, ಅದಕ್ಕೆ ಈ ದಡ ಆ ದಡ ಅಂತಿಲ್ಲ. ಮಾರಿಷಸ್‌ನಲ್ಲಿ ಅದರ ಕಾಲ ಸುಮಾರಾಗಿ ನವೆಂಬರಿನಿಂದ ಏಪ್ರಿಲ್.

ಹಾಗಂತ ಗಾಳಿಯ ದಡ ಕೆಟ್ಟದ್ದು ಅಂತಲ್ಲ. ಹವಾಯಿಯಲ್ಲಿ ಹಸಿರು, ಜಲಪಾತ ಎಲ್ಲ ಜಾಸ್ತಿ ಇರುವುದು ಆ ಕಡೆಯೇ. ನಿಮಗೆ ತಲೆನೋವು ತಂದ ಅದೇ ಗಾಳಿಯನ್ನು ಹುಡುಕಿಕೊಂಡು ಕೈಟ್ ಸರ್ಫಿಂಗ್ ಮಾಡುವವರು ಮಾರಿಷಸ್‌ನ ನೈಋತ್ಯ ತುದಿಯ ಲೆ ಮಾರ್ನ್‌ಗೆ ದೇಶದೇಶಗಳಿಂದ ಬರುತ್ತಾರೆ.

ಇನ್ನೊಮ್ಮೆ ಜುಲೈನಲ್ಲೇ ಹೋಗುವುದಾದರೆ ಪಶ್ಚಿಮ ದಡ ಹಿಡಿಯಿರಿ. ಮಾರಿಷಸ್‌ನಲ್ಲಿ ಆಗ ಚಳಿಗಾಲ, ಪೂರ್ವ ದಡಕ್ಕೆ ಗಾಳಿಯ ಜೋರು ಹೆಚ್ಚು. ಡಿಸೆಂಬರ್ ಆದರೆ ನಿಮ್ಮ ಹಳೇ ಹೋಟೆಲ್ಲೇ ವಾಸಿ. ಪಶ್ಚಿಮದಲ್ಲಿ ಸೆಕೆಗೆ ಜನ ಒದ್ದಾಡುವಾಗ ನಿಮ್ಮ ಕಡೆ ಗಾಳಿ ಹಿತವಾಗಿರುತ್ತದೆ.