ಎರಡನೇ ಮೇಜಿನ ಸಾಲು

ಮಂಡ್ಯದಲ್ಲಿ ಶಿಕ್ಷಕರಿಗೆ ಎರಡು ದಿನದ ತರಬೇತಿ ಶಿಬಿರ. ಮೈಸೂರು, ಮಂಡ್ಯ ಎರಡೂ ಕಡೆ ಇಂಥ ಶಿಬಿರ, ಸಮಾವೇಶಗಳ ನೋಂದಣಿ ನೋಡಿಕೊಳ್ಳುವುದೇ ನನ್ನ ಕೆಲಸ. ಹೆಸರು ಕೊಟ್ಟವರು ನಾನೂರು ಚಿಲ್ಲರೆ. ಬ್ಯಾಡ್ಜ್ ಕೊಡಲು ಐದು ಮೇಜು ಹಾಕಿಸಿ, ಕಡೆಯ ಹೆಸರಿನ ಮೊದಲ ಅಕ್ಷರ ಹಿಡಿದು ಜನರನ್ನು ಐದು ಪಾಲು ಮಾಡುವಂತೆ ಸಾಫ್ಟ್‌ವೇರಿನಲ್ಲಿ ಹೊಂದಿಸಿದ್ದೆ. ಬಾಗಿಲು ತೆರೆದು ಹತ್ತು ನಿಮಿಷ ಆಗಿರಲಿಲ್ಲ, ಎರಡನೇ ಮೇಜಿನ ಸಾಲು ಗೇಟು ದಾಟಿತ್ತು. ಐದನೇ ಮೇಜಿನ ಹುಡುಗಿ ಕೆಲಸವಿಲ್ಲದೆ ಕೂತಿದ್ದಳು.

ಕಾರಣ ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಮಂಡ್ಯದಲ್ಲಿ ಕಡೆಯ ಹೆಸರು ಕೇಳಿದರೆ ಎಷ್ಟೋ ಜನ ಬರೆಯುವುದು ಗೌಡ ಎಂದು. ಅವರೆಲ್ಲ ಇಂಗ್ಲಿಷಿನ ‘ಜಿ’ ಅಕ್ಷರದಡಿ ಒಂದೇ ಮೇಜಿಗೆ ಬಂದಿದ್ದರು. ಇನ್ನು ಹಲವರಿಗೆ ಕಡೆಯ ಹೆಸರು ಎಂಬುದೇ ಇಲ್ಲ. ಊರಿನದೊಂದು, ತಂದೆಯದೊಂದು ಇನಿಷಿಯಲ್, ಆಮೇಲೆ ಹೆಸರು. ಆ ಖಾನೆ ತುಂಬದೆ ಫಾರಂ ಮುಂದಕ್ಕೆ ಹೋಗುತ್ತಿರಲಿಲ್ಲ. ಹಾಗಾಗಿ ಒಬ್ಬರು ಇನಿಷಿಯಲ್ ಹಾಕಿದ್ದರು, ಒಬ್ಬರು ಗಂಡನ ಹೆಸರು, ಇನ್ನೊಬ್ಬರು ಬರೀ ಒಂದು ಚುಕ್ಕಿ. ಹೊರದೇಶದ ಹೆಸರಿಗೆ ಕತ್ತರಿಸಿದ ಫಾರಂ ನಮ್ಮ ಹೆಸರಿಗೆ ಕೂರುವುದಿಲ್ಲ. ಈಗ ನಾನು ‘ಪೂರ್ತಿ ಹೆಸರು, ಬ್ಯಾಡ್ಜಿನಲ್ಲಿ ಹೇಗೆ ಕಾಣಬೇಕೋ ಹಾಗೆ’ ಎಂದು ಒಂದೇ ಖಾನೆ ಇಡುತ್ತೇನೆ.

ಮೇಜಿನ ಸಾಲಿಗೆ ಹೆಸರನ್ನು ಮುಟ್ಟುವುದೇ ಇಲ್ಲ. ಮೊಬೈಲ್ ನಂಬರಿನ ಕೊನೆಯ ಅಂಕಿ ಹಿಡಿಯುತ್ತೇನೆ. 0-1 ಒಂದನೇ ಮೇಜು, 2-3 ಎರಡನೇ ಮೇಜು, ಹೀಗೆ ಐದು ಬೋರ್ಡು. ಕೊನೆಯ ಅಂಕಿ ಯಾವ ಊರಿಗೂ ಜಾತಿಗೂ ಅಂಟಿಕೊಂಡಿಲ್ಲವಾದ್ದರಿಂದ ಸಾಲುಗಳು ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತವೆ. ಕನ್ನಡಕ ತರದೆ ಬಂದವರಿಗೂ ತಮ್ಮ ನಂಬರು ಬಾಯಿಗೆ ಬರುತ್ತದೆ. ಒಂದೇ ಫೋನಿನಿಂದ ನೋಂದಾಯಿಸಿದ ಮನೆಮಂದಿ ಒಂದೇ ಮೇಜಿಗೆ ಬರುತ್ತಾರೆ, ಅದು ಅನುಕೂಲವೇ. ನಂಬರನ್ನು ಮಾತ್ರ ಮೊದಲು ಸ್ವಚ್ಛ ಮಾಡಿಕೊಳ್ಳಬೇಕು: ಮುಂದಿನ ಸೊನ್ನೆ, +91, ನಡುವಿನ ಖಾಲಿ ಜಾಗ ಎಲ್ಲ ತೆಗೆದು ಹತ್ತು ಅಂಕಿ ಉಳಿಸಿದರೆ ಎರಡೆರಡು ಸಲ ಹೆಸರು ಕೊಟ್ಟವರೂ ಅಲ್ಲೇ ಸಿಕ್ಕಿಬೀಳುತ್ತಾರೆ.

ಆ ಶಿಬಿರದಿಂದ ನಾನು ಕಲಿತದ್ದು ಇಷ್ಟು: ಗುಂಪು ಮಾಡುವ ಮೊದಲು, ಆ ಗುಂಪಿಗೆ ಆ ದಿನ ಏನು ಕೆಲಸ ಎಂದು ಕೇಳಿಕೊಳ್ಳಬೇಕು. ಒಬ್ಬ ಶಿಕ್ಷಕಿಗೆ ಬೆಳಿಗ್ಗೆ ಬ್ಯಾಡ್ಜಿನ ಮೇಜು ಒಂದು, ಆಮೇಲೆ ಚರ್ಚೆಯ ಕೊಠಡಿ ಒಂದು, ಊಟದ ಪಂಕ್ತಿ ಒಂದು, ರಾತ್ರಿ ತಂಗುವ ಕೋಣೆ ಒಂದು, ಮಾರನೇ ದಿನ ಬಸ್ಸು ಒಂದು. ಐದು ಕೆಲಸಕ್ಕೆ ಐದು ಬೇರೆ ಬೇರೆ ಗುಂಪು. ಆಯೋಜಕರು ಕಳಿಸುವ ಪಟ್ಟಿಯಲ್ಲಿ ಸಾಮಾನ್ಯವಾಗಿ ‘ಗುಂಪು’ ಎಂಬ ಒಂದೇ ಕಾಲಂ ಇರುತ್ತದೆ, ಅದರಲ್ಲೇ ಎಲ್ಲವನ್ನೂ ತುರುಕಿರುತ್ತಾರೆ. ಕೆಲಸಕ್ಕೊಂದು ಕಾಲಂ ಮಾಡಿ. ಪ್ರತಿನಿಧಿ, ಸಂಪನ್ಮೂಲ ವ್ಯಕ್ತಿ, ಸ್ವಯಂಸೇವಕ ಎಂಬ ನೋಂದಣಿ ವರ್ಗ ಬೇರೆ ವಿಚಾರ. ಯಾರಿಗೆ ಎಷ್ಟು ಶುಲ್ಕ, ಯಾರಿಗೆ ಯಾವ ಪ್ರಶ್ನೆ ಕಾಣಬೇಕು ಎಂಬುದನ್ನು ಅದು ನಿರ್ಧರಿಸುತ್ತದೆ. ಬಹುತೇಕ ಸಾಫ್ಟ್‌ವೇರುಗಳಲ್ಲಿ ಒಬ್ಬರಿಗೆ ಒಂದೇ ವರ್ಗ ಕೊಡಲು ಸಾಧ್ಯ. ಬಸ್ಸನ್ನೋ ಕೋಣೆಯನ್ನೋ ಅದಕ್ಕೆ ಕಟ್ಟಿಹಾಕಿದರೆ ಬಿಡಿಸಲಾಗದ ಗಂಟಾಗುತ್ತದೆ.

ಪ್ರಶ್ನೆ ಹೇಗೆ ಕೇಳುತ್ತೇವೆ ಎನ್ನುವುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಮೈಸೂರಿನ ಒಂದು ಕಾರ್ಯಾಗಾರಕ್ಕೆ ಮಂಡ್ಯ ಜಿಲ್ಲೆಯಿಂದ ಜನರನ್ನು ಕರೆತರಲು ‘ನಿಮ್ಮ ತಾಲ್ಲೂಕು ಯಾವುದು?’ ಎಂದು ಕೇಳಿದ್ದೆವು. ನಾಗಮಂಗಲ ಎಂದು ಬರೆದವರೊಬ್ಬರು ಮೈಸೂರಿನಲ್ಲೇ ಮನೆ ಮಾಡಿಕೊಂಡಿದ್ದವರು. ಶ್ರೀರಂಗಪಟ್ಟಣ, ಪಾಂಡವಪುರ, ಮದ್ದೂರಿನವರಿಗೆ ರೈಲಿದೆ, ಮಳವಳ್ಳಿಯವರಿಗೆ ಅದಿಲ್ಲ. 2023ರಲ್ಲಿ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲಂತೂ ಬಸ್ಸು ಬೈಪಾಸ್ ಹಿಡಿದರೆ ಮಂಡ್ಯ ಪೇಟೆಯೊಳಗೆ ಕಾಯುತ್ತಿರುವವರು ಕಾಯುತ್ತಲೇ ಇರಬೇಕು. ಬೇಕಾಗಿದ್ದದ್ದು ‘ನೀವು ಎಲ್ಲಿ ಬಸ್ಸು ಹತ್ತುತ್ತೀರಿ?’ ಎಂಬ ಪ್ರಶ್ನೆ, ಕೆಳಗೆ ಆರು ನಿಲುಗಡೆಗಳ ಹೆಸರು, ‘ನಾನೇ ಬರುತ್ತೇನೆ’ ಎಂಬ ಏಳನೆಯ ಆಯ್ಕೆ. ಕೋಣೆಗೂ ಹಾಗೆಯೇ. ವಯಸ್ಸು ಕೇಳುವ ಬದಲು ‘ಮೆಟ್ಟಿಲು ಹತ್ತಲು ಕಷ್ಟವಾಗುತ್ತದೆಯೇ?’ ಎಂದು ಕೇಳಿ. ಮೂವತ್ತರ ಗರ್ಭಿಣಿಯೂ ಎಪ್ಪತ್ತರ ಮೇಷ್ಟ್ರೂ ನೆಲಮಹಡಿಯ ಪಟ್ಟಿಗೆ ತಾವಾಗಿ ಬರುತ್ತಾರೆ. ಯಾವ ನಿರ್ಧಾರಕ್ಕೂ ಬೇಡದ ಮಾಹಿತಿ ಕೇಳಲೇಬಾರದು. ಜನ ನಂಬಿ ಕೊಟ್ಟದ್ದನ್ನು ಕಾಯುವುದು ನಮ್ಮ ಜವಾಬ್ದಾರಿ. ವೈಯಕ್ತಿಕ ದತ್ತಾಂಶ ರಕ್ಷಣೆಗೆಂದು 2023ರಲ್ಲಿ ಕಾಯ್ದೆಯೂ ಬಂದಿದೆ.

ಊರಿನ ಹೆಸರನ್ನು ಟೈಪ್ ಮಾಡಲು ಬಿಡಬೇಡಿ, ಆಯ್ಕೆಪಟ್ಟಿ ಕೊಡಿ. ಇಂಗ್ಲಿಷಿನಲ್ಲಿ ಮೈಸೂರಿನ ಕಾಗುಣಿತ 2014ರ ನವೆಂಬರ್ 1ರಂದು ಅಧಿಕೃತವಾಗಿ ಬದಲಾಯಿತು, ಜನ ಇಂದಿಗೂ ಎರಡನ್ನೂ ಬರೆಯುತ್ತಾರೆ. ಸಾಫ್ಟ್‌ವೇರಿಗೆ ಅವು ಎರಡು ಊರು. ಕೆ.ಆರ್. ಪೇಟೆ, ಕೆಆರ್‌ಪೇಟೆ, ಕೃಷ್ಣರಾಜಪೇಟೆ ಅದರ ಲೆಕ್ಕಕ್ಕೆ ಮೂರು. ಶಾಲೆಗಳಿಂದ ಬರುವ ಪಟ್ಟಿ ಹಳೆಯ ‘ನುಡಿ’ ಕನ್ನಡ ತಂತ್ರಾಂಶದಲ್ಲಿ, ಯೂನಿಕೋಡ್ ಅಲ್ಲದ ಅಕ್ಷರದಲ್ಲಿ ಇದ್ದರೆ ಮೊದಲು ಯೂನಿಕೋಡಿಗೆ ಬದಲಿಸಿಕೊಳ್ಳಿ. ಇಲ್ಲದಿದ್ದರೆ ಬ್ಯಾಡ್ಜಿನ ಮೇಲೆ ಹೆಸರಿನ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಅಚ್ಚಾಗುತ್ತವೆ.

ನನ್ನ ಕೈಯಿಂದಲೇ ಆದ ಒಂದು ತಪ್ಪು ಹೇಳಬೇಕು. ಅದೇ ಶಿಬಿರದ ಎರಡನೇ ದಿನ ಶ್ರೀರಂಗಪಟ್ಟಣಕ್ಕೆ ಕ್ಷೇತ್ರ ದರ್ಶನ. ಬಸ್ ನಂಬರು ಬ್ಯಾಡ್ಜಿನಲ್ಲಿ ಅಚ್ಚಾಗಿತ್ತು. ರಾತ್ರಿ ಹನ್ನೊಂದಕ್ಕೆ ಹದಿನೈದು ಹೊಸ ಹೆಸರು ಬಂದವು. ಅವರನ್ನು ಸೇರಿಸಿ, ತಾನಾಗಿ ಹಂಚುವ ಗುಂಡಿಯನ್ನು ಮತ್ತೊಮ್ಮೆ ಒತ್ತಿದೆ. ಸಾಫ್ಟ್‌ವೇರು ಹದಿನೈದು ಜನರನ್ನು ಮಾತ್ರ ಹಂಚಲಿಲ್ಲ, ಎಲ್ಲರನ್ನೂ ಹೊಸದಾಗಿ ಹಂಚಿತು. ಬೆಳಿಗ್ಗೆ ಸ್ವಯಂಸೇವಕರ ಕೈಲಿ ಹೊಸ ಪಟ್ಟಿ, ಶಿಕ್ಷಕರ ಕೊರಳಲ್ಲಿ ಹಳೇ ಬ್ಯಾಡ್ಜು. ನಿವೃತ್ತಿಗೆ ಹತ್ತಿರವಿದ್ದ ಒಬ್ಬ ಮೇಡಂ ನನ್ನ ಹತ್ತಿರ ಬಂದು, ‘ಬ್ಯಾಡ್ಜಲ್ಲಿ ಮೂರು ಅಂತದೆ, ಅವ್ನು ಐದಕ್ಕೆ ಹತ್ತು ಅಂತಾನೆ. ನಮ್ಮ ಶಾಲೆಯವ್ರೆಲ್ಲ ಮೂರರಲ್ಲವ್ರೆ. ಯಾವ್ದಕ್ ಹತ್ಲಪ್ಪ?’ ಎಂದರು. ಅವರ ಕೈಲಿ ಮಾತ್ರೆಯ ಚೀಲವಿತ್ತು, ಬಿಸಿಲು ಏರುತ್ತಿತ್ತು. ಮೂರಕ್ಕೇ ಹತ್ತಿ ಎಂದೆ. ಹೊಸ ಪಟ್ಟಿ ಹಿಂದಕ್ಕೆ ಪಡೆದು, ಬ್ಯಾಡ್ಜ್ ನೋಡಿಯೇ ಎಲ್ಲರನ್ನೂ ಹತ್ತಿಸಿದೆವು. ಮುಕ್ಕಾಲು ಗಂಟೆ ತಡವಾಯಿತು.

ಅಂದಿನಿಂದ ಅಚ್ಚಿಗೆ ಕಳಿಸಿದ ಕ್ಷಣವೇ ಹಂಚಿಕೆಯನ್ನು ಲಾಕ್ ಮಾಡುತ್ತೇನೆ. ಲಾಕ್ ಸೌಲಭ್ಯ ಇಲ್ಲದ ಕಡೆ ಆ ಕಾಲಂ ನಕಲಿಸಿ ‘ಅಚ್ಚಾದ ಬಸ್’ ಎಂದು ಬೇರೆ ಹೆಸರಿಟ್ಟು ಇಡುತ್ತೇನೆ, ಪಟ್ಟಿಗಳು ಅದರಿಂದಲೇ ಹೊರಡುತ್ತವೆ. ಬೇರೆ ಬೇರೆ ಮಾಡಬಾರದ ಜನರನ್ನು, ಅಂದರೆ ಒಂದೇ ಶಾಲೆಯವರು, ಜೊತೆಗಾರರ ನೆರವು ಬೇಕಾದವರು, ಇವರನ್ನು ಮೊದಲು ಕೈಯಿಂದ ಕೂರಿಸುತ್ತೇನೆ. ಉಳಿದವರನ್ನಷ್ಟೇ ಯಂತ್ರಕ್ಕೆ ಬಿಡುತ್ತೇನೆ. 50 ಸೀಟಿನ ಬಸ್ಸಿಗೆ ಮಿತಿ 46 ಎಂದೇ ನಮೂದಿಸುತ್ತೇನೆ. ಬಸ್ ಮುಖ್ಯಸ್ಥರ ಕೈಗೆ ಕೊಡುವ ಹಾಳೆಯ ತಳದಲ್ಲಿ ನಾಲ್ಕು ಖಾಲಿ ಗೆರೆ ಇರುತ್ತವೆ, ಬೆಳಿಗ್ಗೆ ಬಂದವರ ಹೆಸರನ್ನು ಪೆನ್ನಿನಲ್ಲಿ ಬರೆದುಕೊಳ್ಳಲು.