‘ಎಸ್‌ಸಿ, ಎಸ್‌ಟಿಯವರು ಎದ್ದು ನಿಲ್ಲಿ’ ಎಂದರೆ ತಾರತಮ್ಯವೇ?

ಪ್ರಶ್ನೆ: ವಿದ್ಯಾರ್ಥಿವೇತನದ ಅರ್ಜಿ ಹಂಚುವಾಗ ನಮ್ಮ ಉಪನ್ಯಾಸಕರು ‘ಎಸ್‌ಸಿ, ಎಸ್‌ಟಿಯವರು ಎದ್ದು ನಿಲ್ಲಿ’ ಎಂದರು. ಅಂದಿನಿಂದ ಸಹಪಾಠಿಗಳು ನನ್ನನ್ನು ‘ಕೋಟಾ’ ಎಂದೇ ಕರೆಯುತ್ತಾರೆ. ಕೇಳಿದರೆ ತಮಾಷೆ ಎನ್ನುತ್ತಾರೆ. ಇದು ತಾರತಮ್ಯವೋ, ಕಿರುಕುಳವೋ?

ಉತ್ತರ: ಎದ್ದು ನಿಲ್ಲಿಸಿದ್ದು ತಾರತಮ್ಯ. ದಿನವೂ ಹಾಗೆ ಕರೆಯುತ್ತಿರುವುದು ಕಿರುಕುಳ.

ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2012ರಲ್ಲಿ ಹೊರಡಿಸಿದ ಸಮಾನತೆಯ ನಿಯಮಾವಳಿ ಈ ಎರಡನ್ನೂ ಬೇರೆ ಬೇರೆಯಾಗಿ ವಿವರಿಸುತ್ತದೆ. ಜಾತಿ, ಧರ್ಮ, ಭಾಷೆ, ಲಿಂಗ, ಅಂಗವೈಕಲ್ಯದಂಥ ಕಾರಣಕ್ಕೆ ಒಬ್ಬರನ್ನು ಬೇರೆಯಾಗಿ ಕಾಣುವುದರ ಉದ್ದೇಶವಾಗಲಿ, ಪರಿಣಾಮವಾಗಲಿ ಕಲಿಕೆಯಲ್ಲಿ ಸಮಾನತೆಗೆ ಕುಂದು ತರುವಂತಿದ್ದರೆ ಅದು ತಾರತಮ್ಯ. ‘ಪರಿಣಾಮವಾಗಲಿ’ ಎಂಬ ಮಾತನ್ನು ದಯವಿಟ್ಟು ಗಮನಿಸಿ. ನಿಮ್ಮ ಉಪನ್ಯಾಸಕರಿಗೆ ಅರ್ಜಿ ಬೇಗ ತಲುಪಲಿ ಎಂಬ ಒಳ್ಳೆಯ ಮನಸ್ಸೇ ಇದ್ದಿರಬಹುದು. ಆದರೆ ನೀವು ಬೆಂಚಿನಿಂದ ಎದ್ದಾಗ ಇಡೀ ತರಗತಿ ಕತ್ತು ಹೊರಳಿಸಿ ನಿಮ್ಮನ್ನೇ ನೋಡಿತಲ್ಲ, ನಿಯಮ ನೋಡುವುದು ಅದನ್ನು. ವಿದ್ಯಾರ್ಥಿಗಳ ಜಾತಿಯನ್ನು ತರಗತಿಯಲ್ಲಿ ಸಾರುವುದನ್ನು, ಅವರಿಗೆ ‘ಮೀಸಲಾತಿಯವರು’ ಎಂಬ ಹಣೆಪಟ್ಟಿ ಹಚ್ಚುವುದನ್ನು ಅದು ನೇರವಾಗಿಯೇ ನಿಷೇಧಿಸಿದೆ. ಅರ್ಜಿಯ ವಿಷಯವನ್ನು ಸೂಚನಾ ಫಲಕಕ್ಕೆ ಹಾಕಿ, ಬೇಕಾದವರು ಕಚೇರಿಯಿಂದ ಪಡೆಯಲಿ ಎಂದಿದ್ದರೆ ಸಾಕಿತ್ತು.

ನೋಯಿಸುವ, ಕೀಳಾಗಿ ಕಾಣುವ ನಡೆ ಮತ್ತೆ ಮತ್ತೆ ನಡೆದರೆ ಅದು ಕಿರುಕುಳ. ‘ಮತ್ತೆ ಮತ್ತೆ’ ಎಂಬುದನ್ನೇ ಹಿಡಿದುಕೊಂಡು ‘ಒಂದೆರಡು ಸಲ ಅಂದಿರಬಹುದು, ಬಿಡಮ್ಮ’ ಎಂದು ದೂರುದಾರರನ್ನು ವಾಪಸು ಕಳಿಸುವುದುಂಟು. ಅದು ತಪ್ಪು. ರ‍್ಯಾಗಿಂಗ್ ತಡೆ ನಿಯಮಕ್ಕೆ 2016ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಜಾತಿ, ಭಾಷೆ, ರೂಪ, ಊರು, ಬಡತನದ ಕಾರಣಕ್ಕೆ ಸಹಪಾಠಿಯನ್ನು ಹಿಂಸಿಸುವುದು, ಗುಂಪಿನಿಂದ ದೂರವಿಡುವುದು ಕೂಡ ರ‍್ಯಾಗಿಂಗ್. ಇನ್ನು ಪರಿಶಿಷ್ಟರನ್ನು ಇತರರು ನಾಲ್ಕು ಜನರ ಎದುರು ಬೇಕೆಂದೇ ಜಾತಿ ಎತ್ತಿ ಅವಮಾನಿಸಿದರೆ, ಒಂದೇ ಸಲವಾದರೂ, 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ.

ಲೈಂಗಿಕ ಕಿರುಕುಳದ ದಾರಿಯೇ ಬೇರೆ. ಅದು ಕಾಲೇಜಿನ ಆಂತರಿಕ ದೂರು ಸಮಿತಿಗೆ ಹೋಗಬೇಕು, ಸಾಮಾನ್ಯವಾಗಿ 3 ತಿಂಗಳೊಳಗೆ.

ನೀವು ನಿಮ್ಮ ಕಾಲೇಜಿನ ತಾರತಮ್ಯ ತಡೆ ಅಧಿಕಾರಿಗೆ ಲಿಖಿತ ದೂರು ಕೊಡಿ, ಸ್ವೀಕೃತಿಗೆ ಮೊಹರು ಹಾಕಿಸಿಕೊಳ್ಳಿ. ರ‍್ಯಾಗಿಂಗ್ ಸಹಾಯವಾಣಿ 1800-180-5522. ಅದಕ್ಕೂ ಮೊದಲು, ಇವತ್ತೇ ರಾತ್ರಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಯಾವ ದಿನ, ಯಾವ ಕೊಠಡಿ, ಯಾರು ಅಂದರು, ಆಡಿದ ಮಾತು ಇದ್ದ ಹಾಗೆಯೇ, ಪಕ್ಕದಲ್ಲಿ ಯಾರಿದ್ದರು.