ಯುದ್ಧದ ತೀರ್ಮಾನ ತಪ್ಪಾದರೆ ಕುರ್ಚಿ ಬಿಡಬೇಕಾದವರು ಯಾರು?

ಪ್ರಶ್ನೆ: ಯುದ್ಧದ ಹೊತ್ತಿನಲ್ಲೋ, ಆಮೇಲೆ ಒಪ್ಪಂದ ಮಾಡ್ಕೊಳ್ಳೋವಾಗಲೋ ಸರ್ಕಾರ ತಪ್ಪು ಹೆಜ್ಜೆ ಇಟ್ಟರೆ ಹೊಣೆ ಯಾರದ್ರಿ? ಪ್ರಧಾನಿದಾ, ಮಂತ್ರಿದಾ, ಸೇನೆದಾ? (ಸಿಂದಗಿಯ ಓದುಗರೊಬ್ಬರು)

ಕಾಗದದ ಮೇಲಿನ ಉತ್ತರ ಸುಲಭ. ಸಂವಿಧಾನದ 75ನೇ ವಿಧಿ ಪ್ರಕಾರ ಮಂತ್ರಿಗಳೆಲ್ಲ ಒಟ್ಟಾಗಿ ಲೋಕಸಭೆಗೆ ಹೊಣೆ. ಯುದ್ಧಕ್ಕೆ ಇಳಿಯೋಕೆ, ಒಪ್ಪಂದಕ್ಕೆ ಸಹಿ ಹಾಕೋಕೆ ನಮ್ಮಲ್ಲಿ ಮೊದಲೇ ಸಂಸತ್ತಿನ ಒಪ್ಪಿಗೆ ಬೇಕಿಲ್ಲ. ದೇಶದ ನೆಲ ಬಿಟ್ಟುಕೊಡೋದಾದರೆ ಮಾತ್ರ ಸಂವಿಧಾನ ತಿದ್ದಬೇಕು ಅಂತ 1960ರ ಬೇರುಬಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಲೆಕ್ಕ ಕೇಳೋದು ಏನಿದ್ದರೂ ಆಮೇಲೆ.

ಆಮೇಲೆ ಏನಾಗುತ್ತೆ? ಅದಕ್ಕೆ ದೆಹಲಿಗೆ ಹೋಗೋ ಮುಂಚೆ ನಮ್ಮ ವಿಜಯಪುರದಿಂದಲೇ ಹೊರಡೋಣ.

ಇಲ್ಲಿನ ಸೈನಿಕ ಶಾಲೆ ಶುರುವಾದದ್ದು 1963ರಲ್ಲಿ. ಇಂಥ ಶಾಲೆಗಳ ಯೋಜನೆ ರಕ್ಷಣಾ ಮಂತ್ರಿಯಾಗಿದ್ದ ಕೃಷ್ಣ ಮೆನನ್ ಅವರದು. ಆದರೆ ನಮ್ಮೂರ ಶಾಲೆಯ ಗಂಟೆ ಬಾರಿಸೋ ಹೊತ್ತಿಗೆ ಮೆನನ್ ಮಂತ್ರಿಯಾಗಿ ಉಳಿದಿರಲಿಲ್ಲ. 1962ರ ಅಕ್ಟೋಬರ್ 20ಕ್ಕೆ ಚೀನಾ ನುಗ್ಗಿತು. ತಿಂಗಳ ಕೊನೆಗೆ ನೆಹರೂ ರಕ್ಷಣಾ ಖಾತೆ ತಾವೇ ಇಟ್ಟುಕೊಂಡು ಮೆನನ್‌ಗೆ ಸಣ್ಣದೊಂದು ಖಾತೆ ಕೊಟ್ಟರು. ಅದು ಕಾಂಗ್ರೆಸ್ ಸಂಸದರಿಗೇ ಸಾಕಾಗಲಿಲ್ಲ. ನವೆಂಬರ್ 7ಕ್ಕೆ ಮೆನನ್ ಪೂರ್ತಿ ಹೊರಗೆ. ಮರುದಿನವೇ ಸಂಸತ್ತು ಸೇರಿತು. ಆ ಲೆಕ್ಕಾಚಾರ ಗೊತ್ತಾಯ್ತಲ್ವಾ?

ಸೈನಿಕರಿಗೆ ಸರಿಯಾದ ಸಾಮಾನು, ಚಳಿಗೆ ಬಟ್ಟೆ ಇಲ್ಲದ್ದಕ್ಕೆ ರಕ್ಷಣಾ ಮಂತ್ರಿಯನ್ನು ಕೇಳೋದು ನ್ಯಾಯವೇ. ಆದರೆ ಚೀನಾ ಜೊತೆ ಹೇಗೆ ನಡೆದುಕೊಳ್ಳಬೇಕು ಅನ್ನೋದು ವಿದೇಶಾಂಗ ಖಾತೆಯ ಕೆಲಸ. ಆ ಖಾತೆ ಸ್ವಾತಂತ್ರ್ಯ ಬಂದಾಗಿನಿಂದ ನೆಹರೂ ಅವರ ಕೈಯಲ್ಲೇ ಇತ್ತು. ಅಂದರೆ ನೀತಿ ಒಬ್ಬರದು, ಕುರ್ಚಿ ಹೋದದ್ದು ಇನ್ನೊಬ್ಬರದು. ಸೇನಾ ಮುಖ್ಯಸ್ಥ ಥಾಪರ್ ಕೂಡ ಹೋದರು. ನೆಹರೂ ಅವರನ್ನು ಸದನ ಕೇಳಿದ್ದು 1963ರ ಆಗಸ್ಟ್‌ನಲ್ಲಿ, ವಿರೋಧ ಸಾಲಿನ ಸಂಸದ ಕೃಪಲಾನಿ ತಂದ ಅವಿಶ್ವಾಸ ನಿರ್ಣಯದಲ್ಲಿ. ಲೋಕಸಭೆಯಲ್ಲಿ ಅಂಥದ್ದು ಅದೇ ಮೊದಲು. ಪರವಾಗಿ 62 ಮತ, ವಿರುದ್ಧ 347. ಬಹುಮತ ಇದ್ದಾಗ ಹೊಣೆ ಅಂದರೆ ಇಷ್ಟೇ: ಕೂತು ಬೈಗುಳ ಕೇಳಬೇಕು, ಎದ್ದು ಉತ್ತರ ಕೊಡಬೇಕು. ಇದೂ ಸಣ್ಣದೇನಲ್ಲ, ಎಷ್ಟೋ ದೇಶಗಳಲ್ಲಿ ಅದೂ ಇಲ್ಲ.

ನನಗೆ ಜಾಸ್ತಿ ಬೇಸರ ತರಿಸೋದು ಹೆಂಡರ್ಸನ್ ಬ್ರೂಕ್ಸ್-ಭಗತ್ ವರದಿ. ಚೀನಾ ಯುದ್ಧದ ಸೋಲಿನ ತನಿಖೆ ಅಂತ ಇಬ್ಬರು ಸೇನಾಧಿಕಾರಿಗಳನ್ನು ಕೂಡಿಸಿದರು, ಆದರೆ ಸೇನೆಯ ಕಾರ್ಯಾಚರಣೆ ನೋಡಿ ಅಂದರೇ ಹೊರತು ದೆಹಲಿಯ ತೀರ್ಮಾನಗಳನ್ನು ನೋಡಿ ಅನ್ನಲಿಲ್ಲ. 1963ರ ಆ ವರದಿಯನ್ನು ಯಾವ ಪಕ್ಷದ ಸರ್ಕಾರವೂ ಬಿಡುಗಡೆ ಮಾಡಿಲ್ಲ. ಅದೇ ವರ್ಷ ನಮ್ಮ ಸೈನಿಕ ಶಾಲೆಗೆ ಸೇರಿದ ಹುಡುಗರು ಈಗ ಎಪ್ಪತ್ತು ದಾಟಿದ ಅಜ್ಜಂದಿರು.

ಇನ್ನು ನಿಮ್ಮ ಪ್ರಶ್ನೆಯ ಎರಡನೇ ಅರ್ಧ, ಒಪ್ಪಂದದ್ದು. ಅದಕ್ಕೆ ಆಲಮಟ್ಟಿ. 1964ರಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದವರು ಲಾಲ್ ಬಹಾದ್ದೂರ್ ಶಾಸ್ತ್ರಿ. ಜಲಾಶಯಕ್ಕೆ ಅವರದೇ ಹೆಸರು. ರಜೆಯಲ್ಲಿ ಮಕ್ಕಳನ್ನು ಕರಕೊಂಡು ಹೋದವರು ಬೋರ್ಡ್ ನೋಡಿರ್ತೀರಿ. ಅದೇ ಶಾಸ್ತ್ರಿಯವರು 1966ರ ಜನವರಿ 10ರಂದು ತಾಷ್ಕೆಂಟ್‌ನಲ್ಲಿ ಪಾಕಿಸ್ತಾನದ ಜೊತೆ ಸಹಿ ಹಾಕಿದರು. ಎರಡೂ ಕಡೆಯವರು 1965ರ ಯುದ್ಧಕ್ಕೆ ಮುಂಚಿನ ಜಾಗಕ್ಕೆ ಹಿಂದೆ ಸರಿಯಬೇಕು ಅಂತ. ನಮ್ಮ ಸೈನಿಕರು ಪ್ರಾಣ ಕೊಟ್ಟು ಹಿಡಿದಿದ್ದ ಕಾಶ್ಮೀರದ ಹಾಜಿ ಪೀರ್ ಕಣಿವೆಯೂ ವಾಪಸ್ ಹೋಯ್ತು. ಅದೇ ರಾತ್ರಿ ಶಾಸ್ತ್ರಿ ತೀರಿಕೊಂಡರು. ಲೆಕ್ಕ ಕೇಳಬೇಕು ಅಂದರೆ ಉತ್ತರ ಕೊಡೋ ಮನುಷ್ಯನೇ ಇಲ್ಲ.

ಆದರೂ ಒಬ್ಬರು ರಾಜೀನಾಮೆ ಕೊಟ್ಟರು. ಪುನರ್ವಸತಿ ಮಂತ್ರಿ ಮಹಾವೀರ್ ತ್ಯಾಗಿ. ಒಪ್ಪಂದ ಮಾಡಿದ್ದು ಅವರಲ್ಲ, ಅವರ ಖಾತೆಗೆ ಅದರ ಸಂಬಂಧವೂ ಇರಲಿಲ್ಲ. ಹಾಜಿ ಪೀರ್ ಬಿಟ್ಟುಕೊಟ್ಟ ತೀರ್ಮಾನಕ್ಕೆ ತಾನು ಹೆಗಲು ಕೊಡಲಾರೆ ಅಂತ ಸಂಪುಟ ಬಿಟ್ಟು ನಡೆದರು. 75ನೇ ವಿಧಿಯ ‘ಒಟ್ಟಾಗಿ’ ಅನ್ನೋ ಮಾತನ್ನು ಪೂರಾ ನಂಬಿದ್ದ ಮನುಷ್ಯ ಅನ್ಸುತ್ತೆ.